ಅಪ್ಪನ ಸರದಿ: ಓಟ, ಓದು, ತೊಟ್ಟಿಲು

(ಮೈಸೂರಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಹವ್ಯಾಸಿ ಓಟಗಾರರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಓಟ, ಅಧ್ಯಯನ ಮತ್ತು ಹೊಸ ತಂದೆತನ ಇವುಗಳ ಸಮತೋಲನದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಆ ‘ಸಮತೋಲನ’ ಎಂಬ ಪದದ ಬಗ್ಗೆಯೇ ಅನುಮಾನ ಬೆಳೆಯತೊಡಗಿತು. ಸಮತೋಲನ ಎಂದೊಡನೆ ಕಣ್ಣ ಮುಂದೆ ಬರುವುದು ತಕ್ಕಡಿ. ತಕ್ಕಡಿಯನ್ನು ಹಿಡಿದವನು ಒಬ್ಬನೇ, ಎರಡೂ ತಟ್ಟೆಗಳಲ್ಲಿ ಇರುವುದು ಅವನದೇ ಸರಕು. ನನ್ನ ಮನೆಯಲ್ಲಿ ಕಳೆದ ಹದಿನಾಲ್ಕು ತಿಂಗಳಲ್ಲಿ ನಡೆದದ್ದು ಈ ಚಿತ್ರಕ್ಕೆ ಹೊಂದುವುದಿಲ್ಲ. ನಾನು ಓಡಿದ ಪ್ರತಿಯೊಂದು ಗಂಟೆಯನ್ನೂ, ಓದಿದ ಪ್ರತಿಯೊಂದು ಗಂಟೆಯನ್ನೂ ಬೇರೆ ಯಾರೋ ತಮ್ಮ ಪಾಲಿನಿಂದ ತೆಗೆದು ನನಗೆ ಕೊಟ್ಟಿದ್ದರು. ಹಾಗೆ ಕೊಟ್ಟವರು ಯಾರು ಎಂಬುದು ಕಣ್ಣಿಗೆ ಕಾಣಲು ನನಗೆ ಐದು ತಿಂಗಳು ಹಿಡಿಯಿತು. ಅದನ್ನು ಹೇಳಲೆಂದೇ ಇಲ್ಲಿಗೆ ಬಂದಿದ್ದೇನೆ.

ನಾನು ನಂಜನಗೂಡಿನ ಕಡೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಪಡೆದು ಅರೆಕಾಲಿಕ ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ಇದು ನಾಲ್ಕನೆಯ ವರ್ಷ. ಹಳೆಯ ಮೈಸೂರು ಸೀಮೆಯ ಕೆರೆಗಳ ನಿರ್ವಹಣೆ ನನ್ನ ವಿಷಯ. ಕೆರೆಯನ್ನು ಕಟ್ಟಿಸಿದವರ ಹೆಸರು ಶಾಸನದಲ್ಲಿ ಸಿಗುತ್ತದೆ. ಕಟ್ಟಿದ ಮೇಲೆ ಅದರ ಏರಿ, ತೂಬು, ಕೋಡಿಗಳನ್ನು ನೂರಾರು ವರ್ಷ ಕಾಪಾಡಿಕೊಂಡು ಬಂದವರು ಯಾರು, ಅವರ ದುಡಿಮೆಗೆ ಏನು ಸಲ್ಲುತ್ತಿತ್ತು ಎಂಬುದು ನನ್ನ ಹುಡುಕಾಟ. ಓಟ ಶುರುವಾದದ್ದೂ ಕೆರೆಯಿಂದಲೇ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಮಗ್ಗುಲಲ್ಲೇ ಇದೆ. ಅದರ ಸುತ್ತಿನ ಹಾದಿ ಹೆಚ್ಚುಕಡಿಮೆ ಐದು ಕಿಲೋಮೀಟರ್. ಸರಸ್ವತಿಪುರಂನ ಬಾಡಿಗೆ ಮನೆಯಿಂದ ಕೆರೆಗೂ ಗ್ರಂಥಾಲಯಕ್ಕೂ ನಡೆದೇ ಹೋಗಬಹುದು. ಮದುವೆಗೆ ಮುಂಚಿನಿಂದಲೂ ಬೆಳಗಿನ ಓಟ, ಹಗಲಿನ ಪಾಠ, ಸಂಜೆಯ ಓದು ಎಂಬ ಕ್ರಮ ಎಷ್ಟು ಚೆನ್ನಾಗಿ ಕೂಡಿಕೊಂಡಿತ್ತೆಂದರೆ, ಮಗು ಬಂದ ಮೇಲೂ ನಾಲ್ಕನೆಯದೊಂದನ್ನು ಅದರಲ್ಲಿ ಸೇರಿಸಿಕೊಂಡರಾಯಿತು ಎಂದು ನಾನು ನಂಬಿದ್ದೆ.

ನಮ್ಮ ಕಡೆಯ ವಾಡಿಕೆಯಂತೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಯಿತು. ನನ್ನ ಪತ್ನಿಯ ತವರು ಅರಕಲಗೂಡಿನ ಹತ್ತಿರದ ಹಳ್ಳಿ. ಆಗಸ್ಟಿನಲ್ಲಿ ಮಗಳು ಹುಟ್ಟಿದಳು. ಮೂರು ತಿಂಗಳ ಬಾಣಂತನ ಅಲ್ಲೇ ನಡೆಯಿತು. ಅತ್ತೆಯವರು ಬೆಳಗಿನ ಜಾವವೇ ಎದ್ದು ಹಂಡೆಗೆ ಉರಿ ಹಾಕುತ್ತಿದ್ದರು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆಯುತ್ತಿದ್ದರು. ಬಾಣಂತಿಗೆ ಬೇರೆ ಅಡುಗೆ, ಮನೆಯವರಿಗೆ ಬೇರೆ ಅಡುಗೆ ಮಾಡುತ್ತಿದ್ದರು. ಸರ್ಕಾರ ಕೊಡುವ 15 ದಿನಗಳ ಪಿತೃತ್ವ ರಜೆಯನ್ನು ನಾನು ಹೆರಿಗೆಯಾದ ಕೂಡಲೇ ಹಾಕಿದೆ. ಮನೆ ತುಂಬ ಹೆಂಗಸರಿದ್ದ ಆ ದಿನಗಳಲ್ಲಿ ನನ್ನನ್ನು ಯಾವ ಕೆಲಸಕ್ಕೂ ಹತ್ತಿರ ಬಿಡಲಿಲ್ಲ. “ನೀವು ಕೂತ್ಕೊಳಿ, ಇದೆಲ್ಲ ನಿಮಗೆ ತಿಳಿಯಲ್ಲ” ಎಂದು ಅತ್ತೆಯವರು ಪ್ರೀತಿಯಿಂದಲೇ ಹೇಳಿದರು, ನಾನು ಕೂತೆ. ರಜೆ ಮುಗಿದು ಮೈಸೂರಿಗೆ ಮರಳಿದ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಹೋಗಿ ಭಾನುವಾರ ರಾತ್ರಿಗೆ ವಾಪಸಾಗುತ್ತಿದ್ದೆ.

ಉಳಿದ ಐದು ದಿನ ಮನೆಯಲ್ಲಿ ನಾನೊಬ್ಬನೇ. ಆ ಮೂರು ತಿಂಗಳು ನನ್ನ ಓಟದ ಬದುಕಿನ ಅತ್ಯುತ್ತಮ ಕಾಲವಾಗಿತ್ತು ಎಂದು ನನ್ನ ದಿನಚರಿ ಹೇಳುತ್ತದೆ. ವಾರಕ್ಕೆ 60 ಕಿಲೋಮೀಟರ್ ದಾಟುತ್ತಿದ್ದೆ. ಪ್ರಬಂಧದ ಎರಡನೆಯ ಅಧ್ಯಾಯದ ಕರಡು ಮುಗಿಯಿತು. ಮಗಳನ್ನು ವಾರಕ್ಕೊಮ್ಮೆ ಎತ್ತಿಕೊಂಡಾಗ ಅವಳು ನಗುತ್ತಿದ್ದಳು. ಗೆಳೆಯರು ಕೇಳಿದರೆ ಎಲ್ಲವನ್ನೂ ನಿಭಾಯಿಸುತ್ತಿದ್ದೇನೆ ಎಂದು ಹೇಳುತ್ತಿದ್ದೆ, ಹಾಗೆಂದು ಮನಸಾರೆ ನಂಬಿಯೂ ಇದ್ದೆ. ನಿಭಾಯಿಸುತ್ತಿದ್ದವರು ಅರಕಲಗೂಡಿನ ಕಡೆಯ ಹಳ್ಳಿಯಲ್ಲಿದ್ದ ಇಬ್ಬರು ಹೆಂಗಸರು. ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಏಳುವ ಕೂಸನ್ನು ಹಗಲು ರಾತ್ರಿ ಅವರು ನೋಡಿಕೊಂಡಿದ್ದರಿಂದಲೇ ನನ್ನ ಬೆಳಗುಗಳು ನನ್ನವಾಗಿ ಉಳಿದಿದ್ದವು.

ಇದು ನನ್ನೊಬ್ಬನ ಮನೆಯ ಸಂಗತಿಯಲ್ಲ. ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾರೆ, ಗಂಡಸರು 97 ನಿಮಿಷ ಕಳೆಯುತ್ತಾರೆ ಎಂದು ದಾಖಲಾಗಿದೆ. ಅದಕ್ಕಿಂತ ಮುಖ್ಯವಾದದ್ದು, ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಚ್ಚುವವರೇ ನೂರಕ್ಕೆ 26 ಮಂದಿ. ನಿದ್ದೆಯ ಲೆಕ್ಕವೂ ಹೀಗೆಯೇ ಇದೆ. ಜರ್ಮನಿಯ ಸಾವಿರಾರು ತಂದೆತಾಯಂದಿರನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹೆರಿಗೆಯ ನಂತರದ ಮೊದಲ ಮೂರು ತಿಂಗಳಲ್ಲಿ ತಾಯಂದಿರ ನಿದ್ದೆ ಮುಂಚಿಗಿಂತ ದಿನಕ್ಕೆ ಸುಮಾರು ಒಂದು ಗಂಟೆ ಕಡಿಮೆಯಾಗುತ್ತದೆ, ತಂದೆಯರದು ಸುಮಾರು ಹದಿನೈದು ನಿಮಿಷ ಮಾತ್ರ. ಮಗು ಬಂದ ಮೇಲೆ ನಿದ್ದೆಯೇ ಇಲ್ಲ ಎಂದು ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ನಾನೂ ಹೇಳಿಕೊಂಡು ತಿರುಗಿದವನೇ. ಈ ಅಂಕಿಗಳನ್ನು ಓದಿದ ಮೇಲೆ ಆ ಮಾತನ್ನು ಬಿಟ್ಟಿದ್ದೇನೆ.

ನವೆಂಬರಿನಲ್ಲಿ ತಾಯಿ, ಮಗು ಮೈಸೂರಿಗೆ ಬಂದರು. ಮನೆಯಲ್ಲಿ ನಾವು ಮೂವರೇ ಆದೆವು. ನಾನು ನನ್ನ ಹಳೆಯ ಕ್ರಮವನ್ನು ಹಿಡಿದುಕೊಂಡೇ ಇದ್ದೆ. ಬೆಳಿಗ್ಗೆ ಐದಕ್ಕೆ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋಗುವುದನ್ನೇ ಕಾಳಜಿ ಎಂದುಕೊಂಡಿದ್ದೆ. ಸಂಕ್ರಾಂತಿ ಕಳೆದ ಮೊದಲ ಭಾನುವಾರ ಚಾಮುಂಡಿ ಬೆಟ್ಟ ಹತ್ತಿ ಇಳಿಯುವ ಉದ್ದದ ಓಟ ಮುಗಿಸಿ ಎಂಟೂವರೆಗೆ ಮನೆಗೆ ಬಂದೆ. ಮಗಳು ಅತ್ತು ಅತ್ತು ಕಂದಿಹೋಗಿದ್ದಳು. ಪತ್ನಿಗೆ ರಾತ್ರಿಯಿಂದಲೇ ಜ್ವರವಿತ್ತು. ಹಾಲು ಕುಡಿಸಿ, ಭುಜಕ್ಕೆ ಹಾಕಿಕೊಂಡು ತೇಗಿಸಿ, ಬಟ್ಟೆ ಬದಲಿಸಿ, ಮತ್ತೆ ಮಲಗಿಸುವ ಹೊತ್ತಿಗೆ ಮಗು ಮತ್ತೆ ಎದ್ದಿತ್ತು. ನಾಲ್ಕೂವರೆಗೆ ಅವಳು ಕಣ್ಣು ಮುಚ್ಚಿದ್ದಳು, ಐದಕ್ಕೆ ನಾನು ಹೊರಟಿದ್ದೆ. ಅವಳು ಕೂಗಾಡಲಿಲ್ಲ. “ಇವತ್ತು ನೀವು ಓಡಿದ್ದು ನನ್ನ ನಿದ್ದೆ ಮೇಲೆ ಕಣ್ರೀ” ಎಂದಷ್ಟೇ ಹೇಳಿ ಮಗುವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಮಲಗಿದಳು.

ಬೆವರಿನ ಅಂಗಿಯಲ್ಲೇ ಮಗುವನ್ನು ಎತ್ತಿಕೊಂಡು ನಾನು ಹಜಾರದಲ್ಲಿ ಅಡ್ಡಾಡಿದೆ. ಆ ಮಾತು ನನ್ನನ್ನು ನೋಯಿಸಿತು ಎನ್ನುವುದಕ್ಕಿಂತ, ನಾನು ನಾಲ್ಕು ವರ್ಷದಿಂದ ಓದುತ್ತಿದ್ದ ವಿಷಯವೇ ನನ್ನ ಮನೆಯೊಳಗೆ ಬಂದು ಕೂತಂತೆ ಅನಿಸಿತು ಎಂದರೆ ಹೆಚ್ಚು ಸರಿ. ಕೆರೆಯ ನೀರು ಹಂಚುವವನನ್ನು ನಮ್ಮ ಸೀಮೆಯಲ್ಲಿ ನೀರಗಂಟಿ ಎನ್ನುತ್ತಾರೆ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ಅವನ ಹೊಣೆ. ಅನೇಕ ಊರುಗಳಲ್ಲಿ ಈ ಕೆಲಸ ಅಚ್ಚುಕಟ್ಟಿನಲ್ಲಿ ಸ್ವಂತ ಜಮೀನಿಲ್ಲದ ದಲಿತ ಕುಟುಂಬಗಳದ್ದಾಗಿತ್ತು. ಕೂಲಿ ಸಲ್ಲುತ್ತಿದ್ದದ್ದು ಸುಗ್ಗಿಯಲ್ಲಿ, ರೈತರು ಅಳೆದುಕೊಡುವ ಧಾನ್ಯದ ರೂಪದಲ್ಲಿ. ನೀರು ಕಡಿಮೆಯಾದ ವರ್ಷ ಇರುವ ತೊಂದರೆ ಒಂದೇ: ಕಾಲುವೆಯ ತಲೆಯಲ್ಲಿರುವ ಗದ್ದೆಯವನು ಕೇಳದೆಯೇ ತನಗೆ ಬೇಕಾದಷ್ಟು ನೀರನ್ನು ತಿರುಗಿಸಿಕೊಳ್ಳಬಲ್ಲ. ಅವನು ಕಳ್ಳನಾಗಿರಬೇಕಿಲ್ಲ. ನೀರು ಮೊದಲು ಹರಿದುಬರುವುದೇ ಅವನ ಗದ್ದೆಯ ಮುಂದೆ. ಕೊನೆಯ ಗದ್ದೆ ಒಣಗುವುದು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕಾಗಿಯೇ ಸರದಿ ಎಂಬುದೊಂದು ಬೇಕು, ಸರದಿಯನ್ನು ಕಾಯುವವನೊಬ್ಬ ಬೇಕು.

ನಮ್ಮ ಮನೆಯ ಕಾಲುವೆಯ ತಲೆಯಲ್ಲಿ ನಾನಿದ್ದೆ. ಹಾಲೂಡಿಸುವ ತಾಯಿಗೆ ಮಗುವಿನಿಂದ ಎರಡು ಗಂಟೆ ದೂರ ಹೋಗಬೇಕೆಂದರೂ ಮುಂಚಿತವಾಗಿ ವ್ಯವಸ್ಥೆ ಮಾಡಿಕೊಳ್ಳಬೇಕು. ನನಗೆ ಚಪ್ಪಲಿ ಮೆಟ್ಟಿದರಾಯಿತು. ಹಾಗಿದ್ದ ಮೇಲೆ ನಾನು ಎಷ್ಟು ಸಂಭಾವಿತನಾಗಿದ್ದರೂ ನೀರು ನನ್ನ ಗದ್ದೆಗೇ ಹರಿಯುತ್ತದೆ. ಅವಳ ಜ್ವರ ಇಳಿದ ಮೇಲೆ ನಾವಿಬ್ಬರೂ ಕೂತು ವಾರದ ಏಳು ದಿನಗಳನ್ನು ಒಂದು ಹಾಳೆಯಲ್ಲಿ ಬರೆದೆವು. ಮೊದಲು ಬರೆದದ್ದು ಅವಳ ನಿದ್ದೆಯನ್ನು. ಆಮೇಲೆ ನನ್ನ ಕಾಲೇಜು, ಅವಳು ಬ್ಯಾಂಕಿನ ಕೆಲಸಕ್ಕೆ ಮರಳುವ ದಿನ, ಮಗುವಿನ ಹೊತ್ತುಗಳು. ನನ್ನ ಓಟ ಮತ್ತು ಓದನ್ನು ಉಳಿದ ಜಾಗದಲ್ಲಿ ಬರೆದೆವು, ಪ್ರತಿಯೊಂದರ ಪಕ್ಕದಲ್ಲೂ ಆ ಹೊತ್ತಿನಲ್ಲಿ ಮಗು ಯಾರ ಕೈಯಲ್ಲಿರುತ್ತದೆ ಎಂದು ಬರೆದೆವು. ಈ ಕೊನೆಯ ಸಾಲನ್ನು ಬರೆದ ದಿನವೇ ಎಷ್ಟೋ ವಿಷಯ ತಾನಾಗಿ ತೀರ್ಮಾನವಾಯಿತು. ಮದುವೆಯಾಗಿ ಮಗುವಾಗಿರುವ ಗೆಳೆಯರಿಗೆ ನಾನು ಬೇರೆ ಯಾವ ಸಲಹೆಯನ್ನು ಕೊಡದಿದ್ದರೂ ಈ ಹಾಳೆಯನ್ನು ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ರಾತ್ರಿಯನ್ನು ಎರಡು ಪಾಳಿ ಮಾಡಿದೆವು. ಒಂಬತ್ತರಿಂದ ಒಂದೂವರೆಯ ತನಕ ಮಗು ನನ್ನದು. ಪತ್ನಿ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಾಳೆ. ಆ ಬಾಗಿಲು ಮುಖ್ಯ, ಏಕೆಂದರೆ ಅಳು ಕೇಳಿಸಿದರೆ ತಾಯಿಯಾದವಳಿಗೆ ನಿದ್ದೆ ಉಳಿಯುವುದಿಲ್ಲ. ಹನ್ನೊಂದರ ಹಾಲಿಗೆಂದು ಅವಳು ಸಂಜೆಯೇ ಎದೆಹಾಲನ್ನು ಹಿಂಡಿ ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಅದನ್ನು ಬಿಸಿನೀರಿನ ಬಟ್ಟಲಿನಲ್ಲಿಟ್ಟು ಬೆಚ್ಚಗೆ ಮಾಡಿ, ಅಜ್ಜಿಯ ಕಾಲದ ಬೆಳ್ಳಿಯ ಒಳಲೆಯಲ್ಲಿ ಸ್ವಲ್ಪಸ್ವಲ್ಪವೇ ಕುಡಿಸುವುದನ್ನು ನಾನು ಒಂದು ವಾರದಲ್ಲಿ ಕಲಿತೆ. ಅತ್ತೆಯವರು ಫೋನಿನಲ್ಲಿ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ತುದಿ ತುಟಿ ಪಕ್ಕಕ್ಕಿಡಿ, ನೆತ್ತಿಗೇರೀತು” ಎಂದು ಹೇಳಿಕೊಟ್ಟರು. ಇವೆಲ್ಲ ನಿಮಗೆ ತಿಳಿಯಲ್ಲ ಎಂದವರಿಂದಲೇ ಕಲಿಯಲು ಸಿಕ್ಕ ಈ ಮಾತು ನನಗೆ ಬಹಳ ದೊಡ್ಡದು.

ತಾಯಿ ಕಾರ್ಡು ಮತ್ತು ಲಸಿಕೆಯ ಹೊಣೆಯನ್ನೂ ನಾನು ತೆಗೆದುಕೊಂಡೆ. ಆರು, ಹತ್ತು, ಹದಿನಾಲ್ಕನೆಯ ವಾರದ ಚುಚ್ಚುಮದ್ದುಗಳು ಆ ಹೊತ್ತಿಗೆ ಮುಗಿದಿದ್ದವು. ಒಂಬತ್ತು ತಿಂಗಳು ತುಂಬಿದ ಮೇಲಿನ ದಡಾರ–ರುಬೆಲ್ಲಾ ಲಸಿಕೆಗೆ ನಾನೇ ಕರೆದುಕೊಂಡು ಹೋದೆ. ಸಾಲಿನಲ್ಲಿದ್ದ ಗಂಡಸರಲ್ಲಿ ಮಗುವಿನೊಡನೆ ಒಬ್ಬರೇ ಬಂದಿದ್ದವನು ನಾನೊಬ್ಬನೇ. ಕಾರ್ಡಿನ ಹೆಸರೇ ‘ತಾಯಿ’ ಎಂದಿರುವಾಗ ಇದರಲ್ಲಿ ಆಶ್ಚರ್ಯಪಡುವುದೇನೂ ಇಲ್ಲ.

ಈಗ ಓದಿನ ವಿಷಯಕ್ಕೆ ಬರುತ್ತೇನೆ. ಸಂಶೋಧನೆ ಎಂದರೆ ಒಂದೇ ಬಗೆಯ ಕೆಲಸವಲ್ಲ ಎಂಬುದು ಅನೇಕರಿಗೆ ಮಗುವಾದ ಮೇಲೆಯೇ ತಿಳಿಯುತ್ತದೆ. ಅದರಲ್ಲಿ ಇಡಿಯಾದ, ಯಾರೂ ಕರೆಯದ ಎರಡು ಮೂರು ಗಂಟೆಗಳನ್ನು ಬೇಡುವ ಕೆಲಸವಿದೆ: ವಾದವನ್ನು ಕಟ್ಟುವುದು, ಅಧ್ಯಾಯದ ಕರಡನ್ನು ಬರೆಯುವುದು. ಹದಿನೈದು ನಿಮಿಷದ ಚೂರುಗಳಲ್ಲಿ ಮಾಡಬಹುದಾದ ಕೆಲಸವೂ ಇದೆ: ಶಾಸನದ ಪಾಠವನ್ನು ನಕಲು ಮಾಡುವುದು, ಊರಿನ ಹೆಸರುಗಳನ್ನು ಪಟ್ಟಿ ಮಾಡುವುದು, ಅಡಿಟಿಪ್ಪಣಿ ಸರಿಪಡಿಸುವುದು, ಭೂಪಟದಲ್ಲಿ ಕೆರೆಗಳನ್ನು ಗುರುತಿಸುವುದು. ಮುಂಚೆ ನಾನು ಇವೆರಡನ್ನೂ ಬೆರೆಸಿಕೊಂಡು ಕೂರುತ್ತಿದ್ದೆ. ಗ್ರಂಥಾಲಯದಲ್ಲಿ ಸಿಗುತ್ತಿದ್ದ ಮೂರು ಗಂಟೆಯ ಸಂಜೆಯಲ್ಲಿ ಎರಡು ಗಂಟೆ ಅಡಿಟಿಪ್ಪಣಿಗೇ ಹೋಗುತ್ತಿತ್ತು. ಈಗ ಚೂರು ಕೆಲಸವೆಲ್ಲ ರಾತ್ರಿಯ ಪಾಳಿಗೆ ಮತ್ತು ನಂಜನಗೂಡಿನ ರೈಲಿಗೆ ಹೋಗಿದೆ. ರೈಲಿನಲ್ಲಿ ಹೋಗಿಬರುವ ಹೊತ್ತನ್ನು ಕೂಡಿದರೆ ದಿನಕ್ಕೆ ಒಂದು ಗಂಟೆಗೂ ಮೇಲಾಗುತ್ತದೆ. ಅದು ಯಾರ ನಿದ್ದೆಯಿಂದಲೂ ತೆಗೆದ ಗಂಟೆಯಲ್ಲ. ಬರವಣಿಗೆಗೆ ವಾರದಲ್ಲಿ ಎರಡೇ ಎರಡು ಹೊತ್ತು ಇವೆ: ಬುಧವಾರ ಸಂಜೆ ಮತ್ತು ಶನಿವಾರ ಮಧ್ಯಾಹ್ನ. ಎರಡೇ ಎಂದು ಗೊತ್ತಿರುವುದರಿಂದ ಆ ಹೊತ್ತಿಗೆ ಕೂರುವ ಮುಂಚೆಯೇ ಮೊದಲ ವಾಕ್ಯ ತಲೆಯಲ್ಲಿ ಸಿದ್ಧವಾಗಿರುತ್ತದೆ.

ಆದರೂ ವೇಗ ಕಡಿಮೆಯಾಗಿದೆ, ಅದನ್ನು ಮುಚ್ಚಿಡಬಾರದು. ಪ್ರತಿ ಸೆಮಿಸ್ಟರಿನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಒಪ್ಪಿಸಬೇಕು. ಕಳೆದ ಬಾರಿ ನಾನು ಮೂರನೆಯ ಅಧ್ಯಾಯ ಅರ್ಧಕ್ಕೆ ನಿಂತಿದೆ, ಮನೆಯಲ್ಲಿ ಎಳೆಗೂಸು ಇದೆ, ಮುಂದಿನ ಸಭೆಯ ಹೊತ್ತಿಗೆ ಇಷ್ಟನ್ನು ಮಾತ್ರ ಮುಗಿಸಬಲ್ಲೆ ಎಂದು ನೇರವಾಗಿ ಹೇಳಿದೆ. ಮಗುವಿನ ಮಾತನ್ನು ಅಂಥ ಕೋಣೆಯಲ್ಲಿ ಗಂಡಸೊಬ್ಬ ಎತ್ತುವುದು ರೂಢಿಯಲ್ಲ. ಮಾರ್ಗದರ್ಶಕರು ಸಭೆ ಮುಗಿದ ಮೇಲೆ ಹತ್ತಿರ ಕರೆದು, ತಮ್ಮ ಮಕ್ಕಳ ಮೊದಲ ವರ್ಷಗಳು ತಮಗೆ ಸರಿಯಾಗಿ ನೆನಪೇ ಇಲ್ಲ ಎಂದು ಹೇಳಿದರು. ಅವರು ಅದನ್ನು ಹೇಳಿದ ದನಿ ನನ್ನ ಮನಸ್ಸಿನಲ್ಲಿ ಉಳಿದಿದೆ.

ರಾತ್ರಿಯ ಪಾಳಿಯಲ್ಲಿ ಮಗಳು ಎದೆಯ ಮೇಲೆ ಮಲಗಿರುವಾಗ ನಾನು ಶಾಸನಗಳನ್ನು ಮೆಲುದನಿಯಲ್ಲಿ ಓದುವ ಅಭ್ಯಾಸ ಬೆಳೆಯಿತು. ದನಿ ನಿಂತರೆ ಅವಳು ಏಳುತ್ತಾಳೆ, ಆದ್ದರಿಂದ ಓದುತ್ತಲೇ ಇರಬೇಕು. ಕೆರೆಗಳ ಬಗ್ಗೆ ಓದುವವರೆಲ್ಲರಿಗೂ ಗೊತ್ತಿರುವ, ಒಂದನೆಯ ದೇವರಾಯನ ಕಾಲದ ಹಂಪಿಯ ಶಾಸನವೊಂದಿದೆ. “ಕೆರೆಯಂ ಕಟ್ಟಿಸು, ಬಾವಿಯಂ ಸವೆಸು” ಎಂದು ಅದರ ಪದ್ಯ ಆರಂಭವಾಗುತ್ತದೆ. ಅನಾಥರನ್ನು ಸೆರೆಯಿಂದ ಬಿಡಿಸು, ಮಿತ್ರರಿಗೆ ಆಸರೆಯಾಗು, ನಂಬಿದವರಿಗೆ ನೆರಳಾಗು, ಶಿಷ್ಟರನ್ನು ಪೊರೆ ಎಂದು ಅದು ಸಾಗುತ್ತದೆ. ಈ ಮಾತುಗಳನ್ನೆಲ್ಲ ಲಕ್ಷ್ಮೀಧರಾಮಾತ್ಯನಿಗೆ ಅವನ ತಾಯಿ ಹಾಲೆರೆಯುವ ಹೊತ್ತಿನಲ್ಲೇ ಕಿವಿಯಲ್ಲಿ ಎರೆದಳಂತೆ. ವಿದ್ಯಾರ್ಥಿಯಾಗಿ ಈ ಪದ್ಯವನ್ನು ನಾನು ಕೆರೆಗಾಗಿ ಓದಿದ್ದೆ, ಪಾಠ ಮಾಡುವಾಗಲೂ ಕೆರೆಗಾಗಿಯೇ ಹೇಳುತ್ತಿದ್ದೆ. ಕೈಯಲ್ಲಿ ಒಳಲೆ ಹಿಡಿದಿದ್ದ ಒಂದು ರಾತ್ರಿ ಅದರ ಕೊನೆಯ ಸಾಲು ಮೊದಲ ಬಾರಿಗೆ ಎಂಬಂತೆ ಕೇಳಿಸಿತು. ರಾಜ್ಯದ ಅಮಾತ್ಯನೊಬ್ಬ ತನ್ನ ಲೋಕೋಪಕಾರದ ಮೂಲವನ್ನು ಹಾಲೂಡಿಸುವ ಹೊತ್ತಿನ ಮಾತಿನಲ್ಲಿ ಕಂಡಿದ್ದಾನೆ. ಆ ಹೊತ್ತಿಗೆ ಎಂಥ ಘನತೆಯಿದೆ ಎಂಬುದು ಆರು ನೂರು ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಬರೆದಿಟ್ಟದ್ದು. ಅಂಥ ಹೊತ್ತಿನಲ್ಲಿ ತಂದೆಗೂ ಒಂದು ಪಾಲು ಸಿಗಬಹುದು ಎಂಬುದು ನಮ್ಮ ಕಾಲಕ್ಕೆ ಒದಗಿಬಂದ ಭಾಗ್ಯವೆಂದು ನಾನು ತಿಳಿಯುತ್ತೇನೆ.

ಓಟಗಾರ ಗೆಳೆಯರು ಕಾಯುತ್ತಿರುವ ಭಾಗಕ್ಕೆ ಬರುತ್ತೇನೆ. ಮಗುವಾದ ವರ್ಷ ಕಷ್ಟಪಟ್ಟು ಗಳಿಸಿದ ದೇಹದ ಕಸುವೆಲ್ಲ ಸೋರಿಹೋಗುತ್ತದೆ ಎಂಬ ಭಯ ನಮಗೆಲ್ಲ ಇರುತ್ತದೆ. ಈ ಭಯಕ್ಕೆ 1980ರ ದಶಕದ ಆರಂಭದಲ್ಲಿ ಷಿಕಾಗೋದಲ್ಲಿ ರಾಬರ್ಟ್ ಹಿಕ್ಸನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ಒಳ್ಳೆಯ ಉತ್ತರವಿದೆ. ಅವರು ಒಂದು ಗುಂಪಿಗೆ ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷದಂತೆ ಹತ್ತು ವಾರ ಕಠಿಣ ತರಬೇತಿ ಕೊಟ್ಟರು. ಬಳಿಕ ದಿನಗಳನ್ನು ನಾಲ್ಕಕ್ಕೆ ಅಥವಾ ಎರಡಕ್ಕೆ ಇಳಿಸಿ 15 ವಾರ ನೋಡಿದರು. ಕಸರತ್ತಿನ ತೀವ್ರತೆಯನ್ನು ಹಾಗೇ ಉಳಿಸಿಕೊಂಡವರಲ್ಲಿ ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಹೆಚ್ಚುಕಡಿಮೆ ಉಳಿದೇ ಇತ್ತು. ಇನ್ನೊಂದು ಪ್ರಯೋಗದಲ್ಲಿ ದಿನಗಳನ್ನು ಹಾಗೇ ಇಟ್ಟು ಅವಧಿಯನ್ನು 26 ಅಥವಾ 13 ನಿಮಿಷಕ್ಕೆ ಇಳಿಸಿದರು, ಆಗಲೂ ಅದು ಉಳಿಯಿತು. ಆದರೆ 13 ನಿಮಿಷದವರಲ್ಲಿ ದೀರ್ಘ ಹೊತ್ತು ತಾಳಿಕೊಳ್ಳುವ ಶಕ್ತಿ ಕುಗ್ಗಿತು. ತೀವ್ರತೆಯನ್ನೇ ಇಳಿಸಿದಾಗ ಮಾತ್ರ ಗಳಿಸಿದ್ದು ಕೈಬಿಟ್ಟುಹೋಯಿತು. ಅಂದರೆ ಹೊತ್ತು ಸಾಲದ ದಿನಗಳಲ್ಲಿ ಓಟದ ದಿನಗಳನ್ನೂ ನಿಮಿಷಗಳನ್ನೂ ಕಡಿತ ಮಾಡಬಹುದು, ಬಿರುಸನ್ನು ಸ್ವಲ್ಪವಾದರೂ ಉಳಿಸಿಕೊಳ್ಳಬೇಕು.

ಇದನ್ನು ಓದಿದ ಮೇಲೆ ನಾನು ವಾರಕ್ಕೆ ಮೂರು ಓಟಕ್ಕೆ ಇಳಿದೆ. ಮಂಗಳವಾರ ಮತ್ತು ಶುಕ್ರವಾರ ನಲವತ್ತು ನಿಮಿಷ. ಅದರಲ್ಲಿ ಮೂರು ನಿಮಿಷ ಬಿರುಸಾಗಿ, ಎರಡು ನಿಮಿಷ ನಿಧಾನವಾಗಿ ಎಂಬಂತೆ ಐದು ಸುತ್ತು. ಇನ್ನೊಂದು ದಿನ ಕೆರೆಯನ್ನು ಎರಡು ಸುತ್ತು ಹಾಕಿ ಬರುವುದು. ಮ್ಯಾರಥಾನಿನ ಆಸೆಯನ್ನು ಈ ವರ್ಷಕ್ಕೆ ಬದಿಗಿಟ್ಟೆ. 42.195 ಕಿಲೋಮೀಟರಿಗೆ ನಾಲ್ಕು ತಿಂಗಳ ಸಿದ್ಧತೆ ಬೇಕು, ಪ್ರತಿ ವಾರ ಒಂದು ಮೂರು ಗಂಟೆಯ ಓಟ ಬೇಕು, ಅದು ಮುಗಿದ ಮೇಲೆ ಮನೆಯಲ್ಲಿ ಮೈಚೆಲ್ಲಿ ಮಲಗುವ ಮಧ್ಯಾಹ್ನವೂ ಬೇಕು. ಆ ಮಧ್ಯಾಹ್ನದ ಬೆಲೆಯನ್ನು ಯಾವ ತರಬೇತಿ ಪಟ್ಟಿಯಲ್ಲೂ ಬರೆದಿರುವುದಿಲ್ಲ. ಹತ್ತು ಕಿಲೋಮೀಟರಿನ ಓಟಕ್ಕೆ ಇಷ್ಟು ಸಿದ್ಧತೆ ಸಾಕು, ಅದನ್ನು ಚೆನ್ನಾಗಿ ಓಡುವುದೂ ಸಣ್ಣ ಮಾತಲ್ಲ.

ಇದರಲ್ಲಿ ಒಂದು ಅಪಾಯವಿದೆ. ಹಿಕ್ಸನ್ನರ ಪ್ರಯೋಗಕ್ಕೆ ಒಳಗಾದವರ ಮನೆಯಲ್ಲಿ ಎಳೆಗೂಸು ಇತ್ತೇ ಎಂದು ಯಾರೂ ಕೇಳಿರಲಾರರು. ನಿದ್ದೆಗೆಟ್ಟ ದೇಹದ ಮೇಲೆ ಬಿರುಸಿನ ಓಟ ಹೇರುವುದು ಬೇರೆಯದೇ ಮಾತು. ಹದಿಹರೆಯದ ಕ್ರೀಡಾಪಟುಗಳ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಂಟು ಗಂಟೆಗಿಂತ ಕಡಿಮೆ ಮಲಗುವವರು ಗಾಯಗೊಳ್ಳುವ ಸಾಧ್ಯತೆ 1.7 ಪಟ್ಟು ಎಂದು ಕಂಡುಬಂದಿದೆ. ನಾವು ಹದಿಹರೆಯದವರಲ್ಲ, ನಮ್ಮ ನಿದ್ದೆ ಎಂಟು ಗಂಟೆಯ ಹತ್ತಿರಕ್ಕೂ ಬರುವುದಿಲ್ಲ. ಫೆಬ್ರವರಿಯಲ್ಲಿ ಹಟ ಹಿಡಿದು ಓಡಿ ಬಲಗಾಲಿನ ಹಿಮ್ಮಡಿ ನೋವು ತಂದುಕೊಂಡೆ. ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಡುವಾಗ ಮುಳ್ಳು ಚುಚ್ಚಿದಂತಾಗುತ್ತಿತ್ತು. ಆರು ವಾರ ಓಟವಿಲ್ಲ, ಅಳುವ ಮಗುವನ್ನು ಎತ್ತಿಕೊಂಡು ನಡೆದಾಡುವುದೂ ಕಷ್ಟ. ಆ ಹೊರೆಯೂ ಪತ್ನಿಯ ಮೇಲೇ ಬಿತ್ತು. ಅಂದಿನಿಂದ ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೇನೆ: ಹಿಂದಿನ ರಾತ್ರಿ ಒಟ್ಟು ನಿದ್ದೆ ಐದು ಗಂಟೆ ತುಂಬದಿದ್ದರೆ ಬಿರುಸಿನ ಓಟವಿಲ್ಲ, ನಡಿಗೆ ಮಾತ್ರ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಓಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಕುತ್ತಿಗೆ, ಬೆನ್ನು ಚೆನ್ನಾಗಿ ಬಲಿಯುವ ತನಕ, ಆರು ತಿಂಗಳಿಗಿಂತ ಮುಂಚೆಯಂತೂ ಅದು ಕೂಡದು. ಆಮೇಲೂ ಮಕ್ಕಳ ವೈದ್ಯರನ್ನು ಕೇಳಿಯೇ ಮಾಡಬೇಕು. ನಮ್ಮ ಬೀದಿಗಳ ಉಬ್ಬುತಗ್ಗು ನೋಡಿ ನಾನು ಆ ಯೋಚನೆಯನ್ನೇ ಬಿಟ್ಟೆ.

ಪತ್ನಿಯ ರಜೆ ಮುಗಿದ ಮೇಲೆ ನನ್ನ ಅಮ್ಮ ಊರಿನಿಂದ ಬಂದು ನಮ್ಮೊಡನೆ ಇದ್ದಾರೆ. ಹಗಲಿನಲ್ಲಿ ಮಗು ಅವರ ಕೈಯಲ್ಲಿ. ಈ ಮಾತನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದು ಎಷ್ಟು ಸುಲಭ ಎಂಬುದನ್ನು ಗಮನಿಸಿ. ಕೆಲಸಕ್ಕೆ ಹೋಗುವ ಗಂಡ ಹೆಂಡಿರ ಅದೆಷ್ಟೋ ಮನೆಗಳು ನಿಂತಿರುವುದು ಅಜ್ಜಿಯರ ಸೊಂಟದ ಮೇಲೆ. ಅವರಿಗೆ ಊರಿನಲ್ಲಿ ತಮ್ಮದೇ ಹಿತ್ತಲಿದೆ, ಭಜನೆಯ ಗೆಳತಿಯರಿದ್ದಾರೆ, ಮಂಡಿ ನೋವಿದೆ. ಹಾಳೆಯಲ್ಲಿ ಅವರ ಹೆಸರನ್ನು ಬರೆಯದೆ ಬಿಟ್ಟಿದ್ದೆವು. “ಅಮ್ಮ ಹೇಗೂ ಇರ್ತಾರಲ್ಲ” ಎಂದು ನಾನೇ ಅಂದಿದ್ದೆ. ಕೊನೆಯ ಗದ್ದೆ ಎಂದರೆ ಅದೇ. ಈಗ ತಿಂಗಳಿಗೆ ಒಂದು ವಾರ ಅವರು ಊರಿಗೆ ಹೋಗಿಬರುತ್ತಾರೆ. ಆ ವಾರ ನಾವಿಬ್ಬರೂ ರಜೆಗಳನ್ನು ಹಂಚಿಕೊಳ್ಳುತ್ತೇವೆ, ನನ್ನ ಓಟ ಇರುವುದಿಲ್ಲ, ಬುಧವಾರದ ಬರವಣಿಗೆಯೂ ಇರುವುದಿಲ್ಲ.

ಮನೆಯೊಳಗೆ ಎಷ್ಟೇ ಸರದಿ ಮಾಡಿಕೊಂಡರೂ ಹೊರಗಿನ ನಿಯಮಗಳು ತೂಬನ್ನು ಒಂದೇ ಕಡೆಗೆ ತೆರೆದಿಟ್ಟಿರುತ್ತವೆ. 2017ರ ತಿದ್ದುಪಡಿಯ ನಂತರ ನಮ್ಮ ಕಾನೂನು ಮೊದಲೆರಡು ಮಕ್ಕಳಿಗೆ ತಾಯಿಗೆ 26 ವಾರಗಳ ರಜೆ ಕೊಡುತ್ತದೆ, ಅದು ಆಗಲೇಬೇಕಿದ್ದ ಕೆಲಸ. ಖಾಸಗಿ ರಂಗದ ತಂದೆಗೆ ಅಂಥ ಕಾಯ್ದೆಯೇ ಇಲ್ಲ, ಸಿಕ್ಕರೆ ಸಂಸ್ಥೆಯ ಔದಾರ್ಯ. ಕೇಂದ್ರ ಸರ್ಕಾರದ ನೌಕರರಿಗೆ 15 ದಿನ ಇದೆ, ಅದನ್ನು ಹೆರಿಗೆಯಾದ ಆರು ತಿಂಗಳೊಳಗೆ ಯಾವಾಗ ಬೇಕಾದರೂ ಬಳಸಬಹುದು. ಹಾಗೆ ಬಳಸಲು ಅವಕಾಶವಿರುವ ಗೆಳೆಯರು ದಯವಿಟ್ಟು ಅದನ್ನು ಮನೆ ತುಂಬ ಜನರಿರುವ ಮೊದಲ ಹದಿನೈದು ದಿನಗಳಲ್ಲಿ ಖರ್ಚು ಮಾಡಬೇಡಿ. ತಾಯಿ ಮಗು ತವರಿನಿಂದ ಮರಳುವ ವಾರಕ್ಕೆ ಉಳಿಸಿಕೊಳ್ಳಿ.

ಸಂಶೋಧನಾ ವಿದ್ಯಾರ್ಥಿಗಳಿಗೆ ಸಂಬಂಧಪಟ್ಟದ್ದು ಇನ್ನೊಂದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ಪಿಎಚ್.ಡಿ. ನಿಯಮಾವಳಿಯಲ್ಲಿ ಗರಿಷ್ಠ ಅವಧಿ ಆರು ವರ್ಷ. ಮಹಿಳಾ ಅಭ್ಯರ್ಥಿಗಳಿಗೆ ಹೆಚ್ಚುವರಿ ಎರಡು ವರ್ಷಗಳ ಸಡಿಲಿಕೆ ಕೊಡಬಹುದು, ಒಟ್ಟು ಅವಧಿಯಲ್ಲಿ 240 ದಿನಗಳ ತನಕ ಹೆರಿಗೆ ಅಥವಾ ಶಿಶುಪಾಲನಾ ರಜೆ ಕೊಡಬಹುದು. ಇದು ಬಹಳ ಒಳ್ಳೆಯ ನಿಯಮ, ಇದರಿಂದ ಒಂದು ದಿನವನ್ನೂ ಕಡಿಮೆ ಮಾಡಬಾರದು. ತಂದೆಯಾದ ಸಂಶೋಧಕನಿಗೆ ಶಿಶುಪಾಲನೆಗೆಂದು ಒಂದು ವಾರವೂ ಅದರಲ್ಲಿಲ್ಲ. ಇದನ್ನು ಗಂಡಸರಿಗಾದ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಸಂಶೋಧಕಿಯೊಬ್ಬಳ ಗಂಡನೂ ಸಂಶೋಧಕನಾಗಿದ್ದರೆ, ಮಗು ಯಾರ ಕೆಲಸ ಎಂಬುದನ್ನು ನಿಯಮವೇ ಮೊದಲು ತೀರ್ಮಾನಿಸಿಟ್ಟಿರುತ್ತದೆ. ಆ ತೀರ್ಮಾನದ ಭಾರ ಬೀಳುವುದು ಅವಳ ಪ್ರಬಂಧದ ಮೇಲೆ. ಮೂವತ್ತು ದಿನಗಳ ಶಿಶುಪಾಲನಾ ರಜೆಯನ್ನು ಪುರುಷ ಸಂಶೋಧಕರಿಗೂ ಕೊಡಬೇಕೆಂದು ಕೋರುವ ಮನವಿಯೊಂದನ್ನು ನಾವು ಕೆಲವರು ಸಿದ್ಧಪಡಿಸಿದ್ದೇವೆ. ಪ್ರತಿ ಹಿಂದಿನ ಮೇಜಿನ ಮೇಲಿದೆ. ಮಕ್ಕಳಿಲ್ಲದವರೂ, ಮಹಿಳಾ ಸಂಶೋಧಕರೂ ಓದಿ ಸಹಿ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಮಗಳು ಈಗ ನಡೆಯುತ್ತಾಳೆ. ಹಿಡಿಯಲು ಹೋದರೆ ಓಡಲೂ ನೋಡುತ್ತಾಳೆ. ನಮ್ಮ ಹಾಳೆಯಲ್ಲಿ ಎರಡು ತಿಂಗಳಿಂದ ಹೊಸ ಸಾಲೊಂದು ಸೇರಿದೆ: ಭಾನುವಾರದ ಬೆಳಗು ಪತ್ನಿಯದು. ಹೆರಿಗೆಯ ನಂತರ ವೈದ್ಯರನ್ನು ಕೇಳಿಕೊಂಡು ಅವಳು ನಡಿಗೆ ಶುರು ಮಾಡಿದಳು. ಈಗ ಕೆರೆಯ ಸುತ್ತಿನಲ್ಲಿ ಅರ್ಧ ನಡೆದು ಅರ್ಧ ಓಡುತ್ತಾಳೆ. ಆರಕ್ಕೆ ಅವಳು ಹೊರಡುತ್ತಾಳೆ. ನಾನು ರಾಗಿ ಸರಿಯನ್ನು ಗಂಟಾಗದಂತೆ ಕದಡುತ್ತಾ ಒಲೆಯ ಮುಂದೆ ನಿಂತಿರುತ್ತೇನೆ, ಮಗಳು ನನ್ನ ಕಾಲನ್ನು ಹಿಡಿದುಕೊಂಡಿರುತ್ತಾಳೆ. ಹೋದ ವಾರ ಅವಳು ಬರುವುದು ಇಪ್ಪತ್ತು ನಿಮಿಷ ತಡವಾಯಿತು. ಕೋಡಿಯ ಹತ್ತಿರ ಹೆಜ್ಜಾರ್ಲೆಗಳ ಹಿಂಡು ಇಳಿದಿತ್ತು, ನೋಡುತ್ತಾ ನಿಂತುಬಿಟ್ಟೆ ಎಂದಳು.